ಕೊರಡು ಹೊಡೆಯುವಾಗ ಬದು ಉಳಿಯಲಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದ್ದು 2004ರಲ್ಲಿ. ಆಮೇಲೆ ಹುಬ್ಬಳ್ಳಿಯಲ್ಲಿ ಬಿಇ ಮಾಡಿದೆ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ, "ತಮ್ಮಾ, ಕಂಪ್ಯೂಟರಿನಾಗ ನೀ ಮಾಡೋದಾದರೂ ಏನು?" ಇಷ್ಟು ವರ್ಷ ಇದಕ್ಕೆ ಸರಿಯಾದ ಉತ್ತರ ಕೊಟ್ಟಿಲ್ಲ. ಇಂದು ಕೊಡುತ್ತೇನೆ. ನಾನು ತ್ರಿಭುಜ ತಿದ್ದುತ್ತೇನೆ. ದಿನವೂ ಲಕ್ಷಗಟ್ಟಲೆ. ಆ ಕೆಲಸದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ಹೇಳುತ್ತೇನೆ. ಆ ತಪ್ಪನ್ನು ಮೊದಲು ಕಂಡುಹಿಡಿದವರು ನಮ್ಮ ಗಣಿತದ ಸರ್. ಅವರು ಇಲ್ಲೇ ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ.

ಮೊದಲು ತ್ರಿಭುಜದ ವಿಷಯ. ಕಂಪ್ಯೂಟರಿಗೆ ದುಂಡನೆಯ ವಸ್ತು ಗೊತ್ತಿಲ್ಲ. ಒಂದು ಕೊಡ, ಒಂದು ಮುಖ, ಒಂದು ಮೂಳೆ, ಯಾವುದನ್ನೇ ತೋರಿಸಬೇಕಾದರೂ ಅದರ ಮೈಯನ್ನು ಸಣ್ಣ ಸಣ್ಣ ಚಪ್ಪಟೆ ತ್ರಿಭುಜಗಳಿಂದ ಹೊದಿಸಬೇಕು. ಮೀನಿನ ಬಲೆಯನ್ನು ಕೊಡದ ಮೇಲೆ ಬಿಗಿಯಾಗಿ ಹಾಸಿದಂತೆ. ಈ ಬಲೆಗೆ ನಮ್ಮ ಕಸುಬಿನಲ್ಲಿ ಮೆಶ್ ಎನ್ನುತ್ತಾರೆ. ಗಂಟು ಇರುವ ಜಾಗವೇ ಶೃಂಗಬಿಂದು. ಶಾಲೆಯಲ್ಲಿ ಆಯ್ಲರನ ಸೂತ್ರ ಓದಿದ್ದೀರಿ: ಮುಖಗಳು, ಶೃಂಗಗಳು, ಅಂಚುಗಳು. ಅದೇ ಸೂತ್ರದಿಂದ ಗೊತ್ತಾಗುವುದೇನೆಂದರೆ, ಇಂಥ ದೊಡ್ಡ ಬಲೆಯಲ್ಲಿ ಶೃಂಗಗಳ ಸಂಖ್ಯೆ ತ್ರಿಭುಜಗಳ ಸಂಖ್ಯೆಯ ಹೆಚ್ಚು ಕಡಿಮೆ ಅರ್ಧ, ಮತ್ತು ಒಂದೊಂದು ಶೃಂಗಕ್ಕೆ ಸರಾಸರಿ ಆರು ನೆರೆಯವರು. ಈ ಆರು ಜನ ನೆರೆಯವರನ್ನು ನೆನಪಿಡಿ, ಮುಂದೆ ಬೇಕಾಗುತ್ತಾರೆ.

ಎಲ್ಲ ತ್ರಿಭುಜಗಳೂ ಒಂದೇ ಅಲ್ಲ. ಮೂರೂ ಬಾಹು ಸಮ ಇರುವ ತ್ರಿಭುಜ ಎಲ್ಲಕ್ಕಿಂತ ಒಳ್ಳೆಯದು. ಸೂಜಿಯಂತೆ ಉದ್ದುದ್ದ ಇರುವುದು ಕೆಟ್ಟದ್ದು. ಇದನ್ನು ಅಳೆಯಲು ಒಂದು ಸುಲಭ ದಾರಿ ಇದೆ. ತ್ರಿಭುಜದ ಅಂತರ್ವೃತ್ತದ ತ್ರಿಜ್ಯವನ್ನು ಎರಡರಿಂದ ಗುಣಿಸಿ, ಪರಿವೃತ್ತದ ತ್ರಿಜ್ಯದಿಂದ ಭಾಗಿಸಿ. ಸಮಬಾಹು ತ್ರಿಭುಜಕ್ಕೆ ಸರಿಯಾಗಿ 1 ಬರುತ್ತದೆ. ನಿಮಗೆಲ್ಲ ಗೊತ್ತಿರುವ 3, 4, 5ರ ತ್ರಿಭುಜಕ್ಕೆ 0.8. ಬಾಹುಗಳು 10, 10, 1 ಇರುವ ಸೂಜಿ ತ್ರಿಭುಜಕ್ಕೆ 0.19 ಮಾತ್ರ. ಪರೀಕ್ಷೆಯಲ್ಲಿ ಅಂಕ ಕೊಟ್ಟ ಹಾಗೆ ನಾವು ಪ್ರತಿ ತ್ರಿಭುಜಕ್ಕೂ ಅಂಕ ಕೊಡುತ್ತೇವೆ.

ಸೂಜಿ ತ್ರಿಭುಜದಿಂದ ಏನು ತೊಂದರೆ? ಇದು ಕಂಪ್ಯೂಟರ್ ಬರುವ ಮೊದಲೇ ನಮ್ಮ ನಾಡಿನ ಸರ್ವೆಯವರಿಗೆ ಗೊತ್ತಿತ್ತು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ 1802ರಲ್ಲಿ ಮದ್ರಾಸಿನಲ್ಲಿ ಒಂದು ಆಧಾರರೇಖೆ ಅಳೆದು, ಅಲ್ಲಿಂದ ತ್ರಿಭುಜದ ಮೇಲೆ ತ್ರಿಭುಜ ಕಟ್ಟುತ್ತ ಇಡೀ ಭಾರತದ ಸರ್ವೆಗೆ ಬುನಾದಿ ಹಾಕಿದ. ಒಂದು ಬಾಹು, ಉಳಿದಂತೆ ಕೋನಗಳು ಮಾತ್ರ. ಕೋನ ಅಳೆಯುವಾಗ ಸಣ್ಣ ತಪ್ಪು ಆಗಿಯೇ ಆಗುತ್ತದೆ. ಗೊತ್ತಿರುವ ಬಾಹುವಿನ ಎದುರಿನ ಕೋನ 60 ಡಿಗ್ರಿ ಇದ್ದು, ಅದರಲ್ಲಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ತಪ್ಪಿದರೆ, ಹತ್ತು ಕಿಲೋಮೀಟರ್ ದೂರದ ಲೆಕ್ಕದಲ್ಲಿ ಸುಮಾರು 1.7 ಮೀಟರ್ ಹೆಚ್ಚು ಕಡಿಮೆ ಆಗುತ್ತದೆ. ಅದೇ ಕೋನ 5 ಡಿಗ್ರಿ ಇದ್ದರೆ, ಅಷ್ಟೇ ತಪ್ಪಿಗೆ 33 ಮೀಟರ್! ತಪ್ಪು ಒಂದೇ, ತ್ರಿಭುಜ ಸೊರಗಿದ್ದಕ್ಕೆ ದಂಡ ಇಪ್ಪತ್ತು ಪಟ್ಟು. ಅದಕ್ಕೇ ಸರ್ವೆಯವರು ಒಳ್ಳೆಯ ತ್ರಿಭುಜ ಸಿಗುವ ಗುಡ್ಡ ಹುಡುಕಿಕೊಂಡು ಅಲೆಯುತ್ತಿದ್ದರು. ಇಂದು ಸೇತುವೆ ಎಷ್ಟು ಭಾರ ತಡೆಯುತ್ತದೆ, ಮೊಣಕಾಲಿಗೆ ಹಾಕುವ ಕೃತಕ ಕೀಲಿನ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗಲೂ ಇದೇ ಮಾತು. ತ್ರಿಭುಜ ಕೆಟ್ಟದ್ದಾದರೆ ಉತ್ತರ ಕೆಡುತ್ತದೆ.

ಹಾಗಾದರೆ ಕೆಟ್ಟ ಬಲೆಯನ್ನು ತಿದ್ದುವುದು ಹೇಗೆ? ನಮ್ಮ ಹಾನಗಲ್ ಸೀಮೆಯವರಿಗೆ ಇದನ್ನು ಹೇಳುವುದು ಬಹಳ ಸುಲಭ. ಕೂರಿಗೆಯಿಂದ ಬತ್ತ ಬಿತ್ತಿದ ಮೇಲೆ ಅಪ್ಪ ಎತ್ತು ಕಟ್ಟಿ ಕೊರಡು ಹೊಡೆಯುತ್ತಿದ್ದುದು ನನಗೆ ನೆನಪಿದೆ. ಕೊರಡಿನ ಕೆಲಸವೇನು? ಉಬ್ಬಿದ ಕಡೆಯ ಮಣ್ಣು ಎಳೆದು ತಗ್ಗಿದ ಕಡೆ ತುಂಬುವುದು. ನಮ್ಮ ಕೆಲಸವೂ ಅಷ್ಟೇ. ಒಂದು ಶೃಂಗಬಿಂದುವನ್ನು ತೆಗೆದುಕೊಳ್ಳಿ. ಅದರ ಆರು ನೆರೆಯವರ ಎತ್ತರ ಮಿಲಿಮೀಟರಿನಲ್ಲಿ 10, 10, 11, 9, 10, 10 ಎಂದಿಟ್ಟುಕೊಳ್ಳಿ. ಸರಾಸರಿ 10. ನಮ್ಮ ಬಿಂದು ಮಾತ್ರ 16ರಲ್ಲಿ ತಲೆ ಎತ್ತಿ ನಿಂತಿದೆ. ಅದನ್ನು ಸರಾಸರಿಯ ಕಡೆಗೆ ಅರ್ಧ ದಾರಿ ಸರಿಸಿ, 13ಕ್ಕೆ ಬರುತ್ತದೆ. ಇನ್ನೊಮ್ಮೆ ಮಾಡಿ, ಇನ್ನೂ ಇಳಿಯುತ್ತದೆ. ಎಲ್ಲ ಬಿಂದುಗಳಿಗೂ ಹೀಗೇ ಮಾಡುತ್ತ ಹೋದರೆ ಮೈ ನಯವಾಗುತ್ತದೆ, ತ್ರಿಭುಜಗಳೂ ಹದಕ್ಕೆ ಬರುತ್ತವೆ. ಇದಕ್ಕೆ ಲಾಪ್ಲಾಸಿಯನ್ ಸ್ಮೂದಿಂಗ್ ಎಂದು ದೊಡ್ಡ ಹೆಸರು. ಒಳಗಿರುವುದು ನೀವು ಏಳನೇ ತರಗತಿಯಲ್ಲಿ ಕಲಿತ ಸರಾಸರಿ.

ಇಷ್ಟು ಸುಲಭವಾಗಿದ್ದರೆ ನನಗೆ ಸಂಬಳ ಕೊಡುತ್ತಿರಲಿಲ್ಲ. ಇದರಲ್ಲಿ ಮೂರು ಕಂಟಕಗಳಿವೆ.

ಮೊದಲನೆಯದು, ವಸ್ತು ಬಡಕಲಾಗುವುದು. ಮಕ್ಕಳೇ, ಇಂದು ಮನೆಗೆ ಹೋಗಿ ಕಂಪಾಸ್ ಪೆಟ್ಟಿಗೆ ತೆಗೆಯಿರಿ. 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆದು, ಅದರ ಮೇಲೆ ಸಮ ಅಂತರದಲ್ಲಿ ಆರು ಬಿಂದು ಗುರುತಿಸಿ. ಪ್ರತಿ ಬಿಂದುವನ್ನೂ ತನ್ನ ಎರಡು ನೆರೆಯವರ ಮಧ್ಯಬಿಂದುವಿನ ಕಡೆಗೆ ಅರ್ಧ ದಾರಿ ಸರಿಸಿ. ತ್ರಿಜ್ಯ 7.5 ಆಗುತ್ತದೆ. ಹತ್ತು ಸಲ ಮಾಡಿದರೆ 0.56 ಸೆಂಟಿಮೀಟರ್. ವೃತ್ತ ಹೋಗಿ ಬಟಾಣಿ ಕಾಳು ಉಳಿಯಿತು! ಇಪ್ಪತ್ನಾಲ್ಕು ಬಿಂದು ಇಟ್ಟು ಮಾಡಿದರೂ ಹತ್ತು ಸಲಕ್ಕೆ 8.42ಕ್ಕೆ ಇಳಿಯುತ್ತದೆ. ಇದಕ್ಕೆ ಮದ್ದು ಕಂಡುಹಿಡಿದವರು ಗೇಬ್ರಿಯಲ್ ಟೌಬಿನ್ ಎಂಬ ವಿಜ್ಞಾನಿ, 1995ರಲ್ಲಿ. ಒಂದು ಸಲ ಒಳಗೆ ಸರಿಸಿ, ಕೂಡಲೇ ಅದಕ್ಕಿಂತ ಚೂರು ಹೆಚ್ಚು ಹೊರಗೆ ತಳ್ಳಿ, ಇದೇ ಆ ಮದ್ದು. ಒಳಗೆ 0.5 ಪಾಲು, ಹೊರಗೆ 0.53 ಪಾಲು ಎಂದು ಹಿಡಿದು ಅದೇ ಇಪ್ಪತ್ನಾಲ್ಕು ಬಿಂದುಗಳ ಮೇಲೆ ಹತ್ತು ಸುತ್ತು ಹಾಕಿ. ತ್ರಿಜ್ಯ 10.07 ಇರುತ್ತದೆ, ಅಂದರೆ ಇದ್ದಲ್ಲೇ ಇದೆ. ಆದರೆ ಬಿಂದು ಬಿಟ್ಟು ಬಿಂದು ಏರಿಳಿಯುವ ಗರಗಸದಂಥ ಒರಟು ಮಾತ್ರ ಅಳಿಸಿಹೋಗುತ್ತದೆ. ಸಣ್ಣ ನಡುಕ ಹೋಗಿ ದೊಡ್ಡ ಆಕಾರ ಉಳಿಯುತ್ತದೆ.

ಎರಡನೆಯದು, ಬಲೆ ಮಡಚಿಕೊಳ್ಳುವುದು. ಬಿಂದುವಿನ ನೆರೆಯವರು ಒಳಸರಿದ ಮೂಲೆಯಂತೆ ನಿಂತಿದ್ದರೆ ಅವರ ಸರಾಸರಿ ಹೊರಗೇ ಬೀಳಬಹುದು. ಆಗ ತ್ರಿಭುಜ ಒಂದರ ಮೇಲೊಂದು ಮಗುಚುತ್ತದೆ. ಅದಕ್ಕೆ ಸರಿಸುವ ಮೊದಲು ಸುತ್ತಲ ತ್ರಿಭುಜಗಳ ಅಂಕ ನೋಡಿ, ಸರಿಸಿದ ಮೇಲೆ ಮತ್ತೆ ನೋಡಿ, ಸುಧಾರಿಸಿದರೆ ಮಾತ್ರ ಒಪ್ಪಬೇಕು. ಆಕಾರ ಸರಿ ಇದ್ದು ತ್ರಿಭುಜ ಮಾತ್ರ ಕೆಟ್ಟಿದ್ದರೆ, ಬಿಂದುವನ್ನು ಏರಿಳಿಸದೆ ಮೈಗುಂಟ ಅತ್ತಿತ್ತ ಜಾರಿಸಬೇಕು. ಕೆಲವೊಮ್ಮೆ ಸರಿಸುವುದೂ ಬೇಡ, ಎರಡು ತ್ರಿಭುಜ ಸೇರಿದ ಚತುರ್ಭುಜದ ಕರ್ಣವನ್ನು ಬದಲಿಸಿದರೆ ಸಾಕು. ಯಾವ ಕರ್ಣ ಒಳ್ಳೆಯದೆಂದು ಹೇಳುವ ನಿಯಮವನ್ನು ರಷ್ಯಾದ ಬೋರಿಸ್ ಡೆಲೋನೆ 1934ರಲ್ಲೇ ಕೊಟ್ಟಿದ್ದಾನೆ.

ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಕೊರಡು ಹೊಡೆಯುವವನು ಬದುವಿನ ಹತ್ತಿರ ಬಂದಾಗ ಏನು ಮಾಡುತ್ತಾನೆ? ಎತ್ತು ತಿರುಗಿಸುತ್ತಾನೆ. ಬದುವಿನ ಮೇಲೆ ಕೊರಡು ಎಳೆದರೆ ಬದುವೇ ಹೋಗುತ್ತದೆ, ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ಸರಾಸರಿಗೆ ಉಬ್ಬು ಯಾವುದು, ಬದು ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕೆ ಎಲ್ಲವೂ ಉಬ್ಬೇ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮೂರ ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇದೆ. ಈ ಸೀಮೆಯಲ್ಲಿ ವೀರಗಲ್ಲಿಗೆ ಬರವಿಲ್ಲ, ಹಾನಗಲ್ಲು ಕದಂಬರ ರಾಜಧಾನಿಯಾಗಿದ್ದ ಊರು. ಕಲ್ಲಿನ ಮೇಲೆ ಕತ್ತಿ ಹಿಡಿದ ವೀರ, ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಅವುಗಳ ನಡುವಿನ ಪಟ್ಟಿಯಲ್ಲಿ ಸವೆದ ಹಳಗನ್ನಡದ ಅಕ್ಷರಗಳು. ಚಿಕ್ಕವರಿದ್ದಾಗ ಅದರ ನೆರಳಲ್ಲಿ ಗೋಲಿ ಆಡಿದ್ದೇವೆ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಬಂದಾಗ ಅದರ ಸುತ್ತ ತಿರುಗಿ ಫೋನಿನಲ್ಲಿ 140 ಫೋಟೋ ತೆಗೆದೆ. ಬೇರೆ ಬೇರೆ ಕೋನದ ಫೋಟೋ ಕೊಟ್ಟರೆ ಅವುಗಳಿಂದ ಮೂರು ಆಯಾಮದ ಬಲೆ ಕಟ್ಟುವ ತಂತ್ರಾಂಶಗಳಿವೆ. ಸುಮಾರು ಒಂಬತ್ತು ಲಕ್ಷ ತ್ರಿಭುಜಗಳ ಬಲೆ ಬಂತು. ಮೈಯೆಲ್ಲ ಒರಟು, ಮೊಡವೆ ಎದ್ದ ಮುಖದಂತೆ. ನಾನು ಕಸುಬಿನವನಲ್ಲವೇ, ಐವತ್ತು ಸುತ್ತು ಸ್ಮೂದಿಂಗ್ ಹೊಡೆದೆ. ಎಂಥ ಹೊಳಪು! ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ನೂರಾರು ಕೈಮುಗಿಯುವ ಚಿತ್ರ, ಹೂಗುಚ್ಛ, ಶಹಬ್ಬಾಸ್‌ಗಿರಿ. ಫೋನಿನಲ್ಲಿ ಜಾಗ ಸಾಲದೆಂದು ಮೂಲ ಫೋಟೋಗಳನ್ನೂ ಒರಟು ಬಲೆಯನ್ನೂ ಅಳಿಸಿಬಿಟ್ಟೆ. ಕೆಲಸ ಮುಗಿದಿತ್ತಲ್ಲ!

ಮರುದಿನ ನಮ್ಮ ಸರ್ ಫೋನ್ ಮಾಡಿದರು. "ತಮ್ಮಾ, ಭಾಳ ಚಂದ ಕಾಣಸ್ತೈತಿ. ಆದರ ಕಲ್ಲಿಗೆ ಕ್ರೀಮ್ ಹಚ್ಚೀ ಏನು? ವೀರನ ಕೈಯಾಗಿನ ಕತ್ತಿ ಕೋಲು ಆಗೇತಿ. ಪಟ್ಟಿ ಮ್ಯಾಲಿನ ಅಕ್ಷರ ಎಲ್ಲಿ ಹೋದುವು?"

ನೋಡಿದೆ. ಎದೆ ಧಸಕ್ಕೆಂದಿತು. ಸವೆದ ಅಕ್ಷರದ ಆಳ ಒಂದೆರಡು ಮಿಲಿಮೀಟರ್. ಫೋಟೋದಿಂದ ಬಂದ ಒರಟೂ ಅಷ್ಟೇ. ನನ್ನ ಕೊರಡು ಎರಡನ್ನೂ ಒಂದೇ ಸಮ ಎಳೆದಿತ್ತು. ಪಟ್ಟಿ ಕನ್ನಡಿಯಂತೆ ನಯವಾಗಿತ್ತು. ಎಂಟು ನೂರು ವರ್ಷ ಮಳೆ ಬಿಸಿಲು ಮಾಡಲಾಗದ್ದನ್ನು ನಾನು ಐದು ನಿಮಿಷದಲ್ಲಿ ಮಾಡಿದ್ದೆ, ಕಡತದಲ್ಲಿ ಮಾತ್ರ ಎಂದು ಸಮಾಧಾನ ಮಾಡಿಕೊಂಡೆ. ಕಲ್ಲು ಅಲ್ಲೇ ಇದೆಯಲ್ಲ, ಯುಗಾದಿಗೆ ಹೋದಾಗ ಮತ್ತೆ ಫೋಟೋ ತೆಗೆದರಾಯಿತು.

ಯುಗಾದಿಗೆ ಬಂದೆ. ಅಷ್ಟರಲ್ಲಿ ಊರವರು ಭಕ್ತಿಯಿಂದ ಕಲ್ಲಿಗೆ ಕಟ್ಟೆ ಕಟ್ಟಿಸಿದ್ದರು. ಕಲ್ಲು ಅಲುಗಾಡಬಾರದೆಂದು ಅರ್ಧದವರೆಗೆ ಸಿಮೆಂಟ್, ಅದರ ಮೇಲೆ ಹೊಳೆಯುವ ಟೈಲ್ಸ್. ಅಕ್ಷರದ ಪಟ್ಟಿ ಸಿಮೆಂಟಿನ ಒಳಗೆ. ಯಾರನ್ನು ಬೈಯಲಿ? ಅವರೂ ಚಂದ ಮಾಡಿದ್ದರು, ನಾನೂ ಚಂದ ಮಾಡಿದ್ದೆ. ಅವರದು ಸಿಮೆಂಟಿನ ಸ್ಮೂದಿಂಗ್, ನನ್ನದು ಸಾಫ್ಟ್‌ವೇರಿನದು. ಅವರಿಗೆ ಆ ಅಕ್ಷರದ ಬೆಲೆ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿತ್ತು. ಆದ್ದರಿಂದ ತಪ್ಪು ನನ್ನದೇ ದೊಡ್ಡದು.

ಆ ರಾತ್ರಿ ಊಟ ಸೇರಲಿಲ್ಲ. ಅವ್ವ ಕೇಳಿದಾಗ ವಿಷಯ ಹೇಳಿದೆ. ಪಕ್ಕದಲ್ಲಿದ್ದ ನನ್ನ ತಂಗಿ, "ಅಣ್ಣಾ, ಅವತ್ತು ನಿನ್ನ ಫೋನಿಂದು ಚಾರ್ಜ್ ಮುಗದಿತ್ತಲ್ಲಾ, ನನ್ನ ಫೋನಿನಾಗೂ ಒಂದಿಷ್ಟು ತಗದಿದ್ದಿ" ಎಂದಳು. ಅವಳು ಏನನ್ನೂ ಅಳಿಸುವವಳಲ್ಲ. ಹುಡುಕಿದರೆ 31 ಫೋಟೋ ಸಿಕ್ಕವು!

ಮೂವತ್ತೊಂದು ಫೋಟೋದಿಂದ ಬಂದ ಬಲೆ ಮೊದಲಿಗಿಂತ ಒರಟು. ಈ ಸಲ ಕೈ ಬಿಗಿ ಹಿಡಿದೆ. 2003ರಲ್ಲಿ ಎರಡು ಬೇರೆ ಬೇರೆ ತಂಡಗಳು ಪ್ರಕಟಿಸಿದ ಒಂದು ಉಪಾಯವಿದೆ, ಬೈಲ್ಯಾಟರಲ್ ಎಂದು ಹೆಸರು. ಸರಾಸರಿ ತೆಗೆಯುವಾಗ ಎಲ್ಲ ನೆರೆಯವರ ಮಾತಿಗೂ ಒಂದೇ ತೂಕ ಕೊಡಬಾರದು. ಹತ್ತಿರ ಇದ್ದವರಿಗೆ ಹೆಚ್ಚು ತೂಕ, ಅದರಲ್ಲೂ ಮಟ್ಟ ಹೆಚ್ಚು ಕಡಿಮೆ ಒಂದೇ ಇದ್ದವರಿಗೆ ಮಾತ್ರ. ಅಕ್ಷರದ ತಳದಲ್ಲಿರುವ ಬಿಂದು ತಳದವರ ಮಾತು ಕೇಳುತ್ತದೆ, ದಂಡೆಯ ಮೇಲಿನದು ದಂಡೆಯವರ ಮಾತು ಕೇಳುತ್ತದೆ. ನಡುವಿನ ಬದು ಉಳಿಯುತ್ತದೆ. ಎತ್ತು ಬದುವಿನ ಹತ್ತಿರ ತಾನಾಗಿಯೇ ತಿರುಗಿದಂತೆ. ಐವತ್ತು ಸುತ್ತಿನ ಬದಲು ಮೂರೇ ಸುತ್ತು ಹಾಕಿದೆ. ಪ್ರತಿ ಸುತ್ತಿನ ಮೊದಲು ಮೂಲವನ್ನು ಬೇರೆ ಕಡೆ ಉಳಿಸಿಟ್ಟೆ. ಮುಗಿದ ಮೇಲೆ ಪಕ್ಕದಿಂದ ಬೆಳಕು ಬೀಳುವಂತೆ ಮಾಡಿ ಸರ್ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಹಳಗನ್ನಡ ಲಿಪಿ ಬಲ್ಲವರೊಬ್ಬರನ್ನೂ ಸರ್ ಕರೆಸಿದ್ದರು. ಇಡೀ ಸಾಲು ಸಿಗಲಿಲ್ಲ. ಮೂರು ಅಕ್ಷರ ಖಚಿತವಾಗಿ ಓದಲು ಬಂದವು. ನಾಲ್ಕನೆಯದರ ಬಗ್ಗೆ ಅವರಿಬ್ಬರ ನಡುವೆ ಇನ್ನೂ ಜಗಳ ಇದೆ. ಉಳಿದವು ಯಾವುವು ಎಂದು ಹೇಳಬಲ್ಲ 140 ಫೋಟೋ ನಾನು ಅಳಿಸಿದ್ದೆ.

ಇದು ನಮ್ಮೂರ ಒಂದು ಕಲ್ಲಿನ ಮಾತಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1999ರಲ್ಲಿ ಇಟಲಿಗೆ ಹೋಗಿ ಮೈಕೆಲ್ಯಾಂಜೆಲೋನ ಡೇವಿಡ್ ಶಿಲ್ಪವನ್ನು ಸ್ಕ್ಯಾನ್ ಮಾಡಿದರು. ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತಲೂ ಸೂಕ್ಷ್ಮವಾಗಿ ಅಳೆದರು. ಅಷ್ಟು ಸೂಕ್ಷ್ಮ ಏಕೆಂದರೆ ಶಿಲ್ಪಿಯ ಉಳಿಯ ಗುರುತು ಸಿಗಬೇಕೆಂದು. ನಮ್ಮ ಹಂಪಿಯನ್ನೂ ಹೀಗೆ ದಾಖಲಿಸುವ ಯೋಜನೆಯನ್ನು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕೈಗೊಂಡಿತ್ತು, ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನವರೂ ಅದರಲ್ಲಿ ದುಡಿದರು. ಆದರೆ ದೊಡ್ಡ ಯೋಜನೆಗಳು ಕೆರೆ ಏರಿಯ ಮೇಲಿನ ಕಲ್ಲಿನವರೆಗೆ ಬರುವುದು ಯಾವಾಗ? ಅಲ್ಲಿಯವರೆಗೆ ನೀವೇ ಇದ್ದೀರಿ, ನಿಮ್ಮ ಮನೆಯಲ್ಲಿ ಫೋನಿದೆ.

ನಮ್ಮ ಸುತ್ತ ಏನು ಕಡಿಮೆ ಇದೆ ಹೇಳಿ? ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ತಲೆ ಎತ್ತಿ ನೋಡಿದರೆ ಕಲ್ಲಿನ ದೊಡ್ಡ ಕಮಲ ತೂಗುತ್ತಿದೆ, ಅದರ ಎಸಳಿನ ಅಂಚೇ ಅದರ ಜೀವ. ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕತೆ ಹೇಳುವ ಶಿಲ್ಪಗಳಿವೆ, ಅವುಗಳ ಜೊತೆ ಕೆತ್ತಿದ ಅಕ್ಷರಗಳಿವೆ. ಸವಣೂರಿನ ದೊಡ್ಡ ಹುಣಸೆ ಮರಗಳ ಕಾಂಡ ನೋಡಿದ್ದೀರಿ, ಆ ಸುಕ್ಕನ್ನು ನಯ ಮಾಡಿದರೆ ಮರ ಹೋಗಿ ಸಿಮೆಂಟಿನ ಕಂಬ ಉಳಿಯುತ್ತದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಶಾಲೆಯ ಪ್ರವಾಸ ಹೋದಾಗ ಅಲ್ಲಿನ ಅಜ್ಜಿಯ ಶಿಲ್ಪಗಳ ಮುಖ ನೋಡಿ. ಮಾಡಿದವರಿಗೆ ನಯ ಮಾಡುವುದು ಬರುತ್ತಿರಲಿಲ್ಲವೇ? ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತಿತ್ತು.

ಮಕ್ಕಳೇ, ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ನಿಮ್ಮ ಊರಿನ ಒಂದು ಕಲ್ಲು, ಒಂದು ಕೆತ್ತನೆ ಆರಿಸಿಕೊಳ್ಳಿ. ಮುಟ್ಟಬೇಡಿ, ತೊಳೆಯಬೇಡಿ, ಸುಣ್ಣ ಬಳಿಯಬೇಡಿ. ಬೆಳಿಗ್ಗೆ ಇಲ್ಲವೇ ಸಂಜೆ, ಬಿಸಿಲು ಪಕ್ಕದಿಂದ ಬೀಳುವಾಗ, ಅಕ್ಷರದ ನೆರಳು ಎದ್ದು ಕಾಣುತ್ತದೆ. ಓದಲಿಕ್ಕೆ ಆಗ ಕೆಲವು ಫೋಟೋ ತೆಗೆಯಿರಿ. ಬಲೆ ಕಟ್ಟಲಿಕ್ಕೆ ಮೋಡ ಕವಿದ ದಿನ ಒಳ್ಳೆಯದು. ಸುತ್ತ ನಡೆಯುತ್ತ, ಒಂದು ಫೋಟೋದಲ್ಲಿ ಕಂಡ ಭಾಗದ ಅರ್ಧಕ್ಕಿಂತ ಹೆಚ್ಚು ಮುಂದಿನದರಲ್ಲೂ ಕಾಣುವಂತೆ ತೆಗೆಯಿರಿ. ಪಕ್ಕದಲ್ಲಿ ನಿಮ್ಮ ಅಳತೆಪಟ್ಟಿ ಇಡಿ, ಗಾತ್ರ ಗೊತ್ತಾಗಲಿ. ಫೋಟೋಗಳನ್ನು ಶಾಲೆಯ ಕಂಪ್ಯೂಟರಿನಲ್ಲೂ ಒಂದು ಪ್ರತಿ ಹಾಕಿ. ಮತ್ತು ಮೂಲವನ್ನು ಯಾವತ್ತೂ ಅಳಿಸಬೇಡಿ, ಎಷ್ಟೇ ಒರಟಾಗಿರಲಿ. ನಯ ಮಾಡುವುದು ನಾಳೆಯೂ ಮಾಡಬಹುದು, ನಮಗಿಂತ ಜಾಣರು ಬಂದು ಇನ್ನೂ ಚೆನ್ನಾಗಿ ಮಾಡಬಹುದು. ಅಳಿಸಿದ್ದನ್ನು ತರಲು ಯಾವ ಜಾಣನಿಂದಲೂ ಆಗುವುದಿಲ್ಲ. ಬಲೆ ಕಟ್ಟುವುದನ್ನು, ತಿದ್ದುವುದನ್ನು ಬೇಸಿಗೆ ರಜೆಯಲ್ಲಿ ಬಂದು ನಾನೇ ಕಲಿಸುತ್ತೇನೆ. ತಿದ್ದಲು ಬೇಕಾದ ತಂತ್ರಾಂಶ ಬ್ಲೆಂಡರ್, ಮೆಶ್‌ಲ್ಯಾಬ್, ಎರಡೂ ಉಚಿತ.

ಕೊನೆಯದಾಗಿ ಒಂದು ಮಾತು. ಕನ್ನಡ ಮಾಧ್ಯಮದಿಂದ ಬಿಇಗೆ ಹೋದಾಗ ಮೊದಲ ವರ್ಷ ನನ್ನ ಬಾಯಿ ಬಿಡುತ್ತಿರಲಿಲ್ಲ. ಪಟ್ಟಣದ ಹುಡುಗರ ಸರಾಸರಿಗೆ ನನ್ನನ್ನು ನಾನೇ ಎಳೆದುಕೊಳ್ಳುತ್ತಿದ್ದೆ, ಮಾತು, ಉಡುಪು, ಹೆಸರು ಹೇಳುವ ರೀತಿ, ಎಲ್ಲ. ಆದರೆ ಶೃಂಗ, ಬಾಹು, ಕರ್ಣ ಎಂದು ಈ ಶಾಲೆಯಲ್ಲಿ ಕಲಿತ ರೇಖಾಗಣಿತವೇ ಇಂದಿಗೂ ನನಗೆ ಅನ್ನ ಹಾಕುತ್ತಿದೆ. ಸರ್ ಕಪ್ಪುಹಲಗೆಯ ಮೇಲೆ ಕೈಯಿಂದಲೇ ಬರೆಯುತ್ತಿದ್ದ ತ್ರಿಭುಜಕ್ಕೆ ಸ್ಕೇಲ್ ಬೇಕಿರಲಿಲ್ಲ. ಒರಟು ಹೋಗಲಿ, ತಿದ್ದಿಕೊಳ್ಳಿ, ಅದಕ್ಕೇ ಶಾಲೆ ಇರುವುದು. ನಿಮ್ಮ ಬದುವಿನ ಮೇಲೆ ಮಾತ್ರ ಕೊರಡು ಹಾಯಲು ಬಿಡಬೇಡಿ.

ಸರ್, ಅವತ್ತು ಫೋನ್ ಮಾಡಿ ಕೇಳಿದ್ದಕ್ಕೆ ನಿಮಗೆ ಶರಣು. ಐವತ್ತು ವರ್ಷ ನಮ್ಮಂಥವರನ್ನು ತಿದ್ದಿದ ಈ ಶಾಲೆಗೆ ಶರಣು.